ಕೊನೆಯ ಮಾತಿಗೆ ಕೂರುವವರು

ಬ್ಯಾಡಗಿ
11 ಫೆಬ್ರುವರಿ 2025

ಚಿ. ಸುರೇಖಾಳಿಗೆ ಕೊಟ್ರೇಶನ ಆಶೀರ್ವಾದ.

ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದ್ದನ್ನು ನೋಡುತ್ತೀ, ನೀಲಿ ಗೆರೆ ಬೀಳುತ್ತದೆ, ಅಷ್ಟೆ. ಯೂಸುಫಸಾಬರು ಖಾರದಪುಡಿ ಕೊಡಲು ರಾಣೆಬೆನ್ನೂರಿಗೆ ಗಾಡಿ ತರುತ್ತಾರಲ್ಲ, ಅವರ ಕಡೆಯಿಂದ ಬಾಯಿಮಾತು ಹೇಳಿ ಕಳಿಸೋಣವೆಂದರೆ ಒಪ್ಪಲಿಲ್ಲ. "ಚೀಲ ಕೊಡ್ರಿ, ಒಯ್ತೇನಿ. ಅಣ್ಣ-ತಂಗಿ ಮಾತು ಒಯ್ಯಂಗಿಲ್ಲ. ದಾರ್ಯಾಗ ಒಂದು ಹೆಚ್ಚುಕಡಿಮಿ ಆದ್ರ ನನ್ನ ತಲಿಮ್ಯಾಗ ಬರತೈತಿ" ಎಂದರು. ಅದಕ್ಕೇ ಕಾಗದ. ಮದುವೆಯ ಕರೆಯೋಲೆ ಬಿಟ್ಟರೆ ನಾನು ಕಾಗದ ಬರೆದು ಯಾವ ಕಾಲವಾಯಿತೋ.

ವಿಷಯ ಇಷ್ಟೆ. ಬ್ರೆಜಿಲಿನ ಜುಸಾರಾ ಬಾಯಿಯವರು ಜನವರಿಯಲ್ಲಿ ಬಂದು ಹೋದ ಮೇಲೆ ಸುದ್ದಿಯೇ ಇಲ್ಲ. ಅವರ ಕಂಪನಿಯ ಜೊತೆ ವರ್ಷಗಟ್ಟಲೆ ಮಾತಾಡಿದವಳು ನೀನು. ಅವರ ಪೋರ್ಚುಗೀಸ್ ಭಾಷೆಯನ್ನೂ ಮೊಬೈಲಿನಲ್ಲೇ ಕಲಿತೆ. ಅವರು ಬಂದರು, ಪೇಟೆಯಲ್ಲಿ ಸೀನಿದರು, ನಮ್ಮ ಡಬ್ಬಿ ಮೆಣಸಿನಕಾಯಿಯ ಬಣ್ಣ ನೋಡಿ ಖುಷಿಪಟ್ಟರು, ಎಲ್ಲ ಆಯಿತು. ಸಹಿ ಮಾತ್ರ ಆಗಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇನೆ ಎಂದವರು ತಿಳಿಸಲಿಲ್ಲ. ಅವರನ್ನೇ ನಂಬಿ ಹಾಕಿದ, ಕಾಯಿಯಿಂದ ಬಣ್ಣ ತೆಗೆಯುವ ಯಂತ್ರ ಪ್ಲಾಸ್ಟಿಕ್ಕಿನ ಮುಸುಕು ಹೊದ್ದು ಕೂತಿದೆ. ಅವರು ಬಂದ ದಿನವೇ ಸಂಜೆ ನೀನೂ ಆಫೀಸಿನ ಕೀಲಿಕೈ ಅವ್ವನ ಕೈಗಿಟ್ಟು ರೈಲು ಹತ್ತಿದೆ. ಎರಡಕ್ಕೂ ಕಾರಣ ನನಗೆ ತಿಳಿಯದು.

ನಿನ್ನ ಕುರ್ಚಿ ಖಾಲಿ ಬಿಡುವ ಹಾಗಿರಲಿಲ್ಲ. ಹಾವೇರಿಯ ಶಶಿಕಾಂತ ಎಂಬ ಹುಡುಗನನ್ನು ತಂದಿದ್ದೇನೆ. ಎಂಬಿಎ ಓದಿದವನು. ಟೈ ಕಟ್ಟಿಕೊಂಡು ಬರುತ್ತಾನೆ, ಮೆಣಸಿನಕಾಯಿ ಪೇಟೆಯಲ್ಲಿ. ಆ ದೇಶದವರ ಜೊತೆ ನಡೆದುಕೊಳ್ಳುವ ರೀತಿ ರಿವಾಜು ಏನಿದೆಯೋ ಬರೆದು ಕಳಿಸು. ಅವನಿಗೆ ಉಪಯೋಗವಾಗುತ್ತದೆ.

ಅವ್ವ ಶೇಂಗಾ ಹಿಂಡಿ ಕಳಿಸಿದ್ದಾಳೆ.

ಇಂತಿ,
ಕೊಟ್ರೇಶ


ರಾಣೆಬೆನ್ನೂರು
18 ಫೆಬ್ರುವರಿ 2025

ಶ್ರೀ ಕೊಟ್ರೇಶ ಅವರಿಗೆ,

ತಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಶಶಿಕಾಂತ ಅವರು ಪತ್ರದ ಮೊದಲ ಸಾಲಿನಲ್ಲೇ ದರ ಕೇಳಿರುತ್ತಾರೆ. ಕೇಳಬಾರದು. ಅಲ್ಲಿನವರು ಮೊದಲು ಮನುಷ್ಯರನ್ನು ನೋಡುತ್ತಾರೆ, ಆಮೇಲೆ ಮಾಲು. ದೋನಾ ಜುಸಾರಾ (ಅವರಲ್ಲಿ ಹಿರಿಯ ಹೆಂಗಸಿನ ಹೆಸರಿನ ಮೊದಲಿಗೆ ದೋನಾ ಸೇರಿಸುತ್ತಾರೆ, ನಮ್ಮಲ್ಲಿ ಕೊನೆಗೆ ಅಕ್ಕಾರು ಸೇರಿಸಿದ ಹಾಗೆ) ನನ್ನ ಜೊತೆ ಮೆಣಸಿನಕಾಯಿಯ ಮಾತು ತೆಗೆದದ್ದು ಪರಿಚಯವಾಗಿ ಎಷ್ಟೋ ತಿಂಗಳ ಮೇಲೆ. ಅದಕ್ಕೂ ಮೊದಲು ಅವರ ತಾಯಿಯ ಮೊಣಕಾಲು, ಮಗಳ ಪರೀಕ್ಷೆ, ಮನೆಯ ಹಿಂದಿನ ಮಾವಿನ ಗಿಡ, ಇವೇ ಮಾತು. ನಾನೂ ಅವ್ವನ ಬಿಪಿ, ತಮ್ಮ ಗೊರಕೆ ಎಲ್ಲ ಹೇಳಿದ್ದೆ. ಆಗ ತಾವು, ಫೋನಿನಲ್ಲಿ ಹರಟೆ ಹೊಡೆದರೆ ವ್ಯಾಪಾರ ಯಾವಾಗ ಮಾಡುವುದು ಎಂದು ಕೇಳಿದ್ದಿರಿ. ಅದೇ ವ್ಯಾಪಾರವಾಗಿತ್ತು.

ಅವರು ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಮಾತಾಡುವಾಗ ತೋಳು ಮುಟ್ಟುತ್ತಾರೆ. ಜನವರಿಯಲ್ಲಿ ತಾವು ಹಿಂದೆ ಸರಿಯುತ್ತ ಸರಿಯುತ್ತ ಚೀಲ ಪೇರಿಸಿದ ಥಪ್ಪಿಗೆ ಒರಗಿದ್ದನ್ನು ಅವರು ತಪ್ಪು ತಿಳಿಯಲಿಲ್ಲ. ಅವರು ತಂದ ಮಿಠಾಯಿ ತಿಂದು, ಹೆಬ್ಬೆರಳು ತೋರುಬೆರಳು ಉಂಗುರ ಮಾಡಿ "ಫಸ್ಟ್ ಕ್ಲಾಸ್" ಎಂದು ತೋರಿಸಿದಿರಿ. ಆ ಸನ್ನೆ ಅವರಲ್ಲಿ ಕೆಟ್ಟ ಬೈಗುಳ. ನಾನು ಹೇಳುವಷ್ಟರಲ್ಲಿ ತಾವು ಎರಡೂ ಕೈಯಿಂದ ತೋರಿಸಿಯಾಗಿತ್ತು. ಅವರು ನಕ್ಕುಬಿಟ್ಟರು. ಹಾಗಾಗಿ ಸಹಿ ನಿಂತದ್ದು ಅದಕ್ಕಲ್ಲ.

ಮೇಜಿನ ಮುಂದೆ ಕೊನೆಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ತಾವು ಹೇಳಿದಂತೆ ನಾನು ಒಳಗೆ ಚಾ ನೋಡುತ್ತಿದ್ದೆ.

ಅವ್ವನಿಗೆ ನಮಸ್ಕಾರ. ಹಿಂಡಿಯ ಡಬ್ಬಿ ವಾಪಸು ಕಳಿಸಿದ್ದೇನೆ.

ಇತಿ,
ಸುರೇಖಾ


ಬ್ಯಾಡಗಿ
4 ಮಾರ್ಚ್ 2025

ಚಿ. ಸುರೇಖಾಳಿಗೆ,

ತಾವು, ತಮ್ಮ, ಶ್ರೀ. ಬೀಗರಿಗೆ ಬರೆದ ಹಾಗಿತ್ತು ನಿನ್ನ ಕಾಗದ. ಅವ್ವನಿಗೆ ಓದಿ ಹೇಳುವಾಗ ಅವನ್ನೆಲ್ಲ ನೀ, ನಿನ್ನ ಮಾಡಿಕೊಂಡು ಓದಿದೆ. ಆದರೂ ಅವಳಿಗೆ ತಿಳಿಯಿತು. "ಸುರೇಖಾ ಇಷ್ಟು ಸಾವಕಾಶ ಮಾತಾಡಂಗಿಲ್ಲ" ಎಂದಳು. ಗೊರಕೆಯ ವಿಷಯ ಓದಲಿಲ್ಲ.

ನೀನು ಹೇಳಿದ್ದನ್ನು ಶಶಿಕಾಂತನಿಗೆ ಒಪ್ಪಿಸಿದೆ. ಅವನು ಜುಸಾರಾ ಬಾಯಿಯವರಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಕೇಳಿದ್ದಾನೆ: ಒಂದು, ತಾಯಿಯ ಮೊಣಕಾಲು ಹೇಗಿದೆ, ಎರಡು, ಮಗಳ ಪರೀಕ್ಷೆ ಏನಾಯಿತು, ಮೂರು, ಮಾವಿನ ಗಿಡದ ಸದ್ಯದ ಸ್ಥಿತಿ ತಿಳಿಸುವುದು. ಅದಕ್ಕೆ ಬಂದ ಉತ್ತರ "ಎಲ್ಲ ಕ್ಷೇಮ, ಧನ್ಯವಾದ" ಎಂಬ ಒಂದೇ ಸಾಲು. ಈಗ ಅಲ್ಲಿ ಏನೋ ದೊಡ್ಡ ಹಬ್ಬವಂತೆ, ಕುಣಿತವಂತೆ, ಇಡೀ ದೇಶದ ಆಫೀಸು ಬಂದ್. ನಮ್ಮಲ್ಲಿ ಕಾಯಿ ಬರುವ ಸುಗ್ಗಿ, ಅಲ್ಲಿ ಕುಣಿಯುವ ಸುಗ್ಗಿ.

ಚಾ ವಿಷಯ ಬರೆದಿದ್ದೀ. ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದೀ ಎಂದು ಈಗ ತಿಳಿಯಿತು. ನಮ್ಮ ಅಡತಿ ಅಂಗಡಿಯ ರಿವಾಜು ನಿನಗೇನು ಹೊಸದಲ್ಲ. ಯಾರೇ ಮಾಲು ತೋರಿಸಲಿ, ಯಾರೇ ದರ ಮಾತಾಡಲಿ, ಕೊನೆಯ ಮಾತಿಗೆ ಹಿರಿಯರು ಕೂರಬೇಕು. ಬಂದವರಿಗೆ ಅದು ಮಾನ. ಸಣ್ಣವರ ಕೈಯಲ್ಲಿ ಮುಗಿಸಿ ಕಳಿಸಿದರು ಎಂದು ನಾಳೆ ಯಾರೂ ಅನ್ನಬಾರದು. ಅಪ್ಪ ಇದ್ದಾಗ ನಾನೇ ಗಿರಾಕಿ ಹಿಡಿದು ತಂದರೂ ಕೊನೆಗೆ "ಕೊಟ್ಯಾ, ನೀ ಹೊರಗ ಚೀಲ ನೋಡು" ಎನ್ನುತ್ತಿದ್ದ. ನಾನು ಎದ್ದು ಹೋಗಿ ಚೀಲ ನೋಡುತ್ತಿದ್ದೆ. ಯಾರಿಗೂ ಕೀಲಿಕೈ ಕೊಟ್ಟು ರೈಲು ಹತ್ತಲಿಲ್ಲ. ಜುಸಾರಾ ಬಾಯಿಯವರಿಗೆ ಮಾನ ಕೊಡಲೆಂದೇ ನಾನು ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಕೂತದ್ದು. ನಿನಗೆ "ಸುರೇಖಾ, ನೀ ಒಳಗ ಚಾ ನೋಡು" ಎಂದದ್ದು ಆ ರಿವಾಜಿನ ಮಾತು, ಬೇರೆ ಏನೂ ಅಲ್ಲ.

ಇಷ್ಟಾಗಿಯೂ ಅವರಿಗೆ ಏನು ಹಿಡಿಸಲಿಲ್ಲ, ಅದನ್ನು ಹೇಳು.

ನಿನ್ನ ಅಣ್ಣ,
ಕೊಟ್ರೇಶ


ರಾಣೆಬೆನ್ನೂರು
12 ಮಾರ್ಚ್ 2025

ಅಣ್ಣನಿಗೆ,

ಅವ್ವನ ಸಲುವಾಗಿ ನೀನು ಎಂದು ಬರೆಯುತ್ತಿದ್ದೇನೆ.

ಏನು ಹಿಡಿಸಲಿಲ್ಲ ಎಂದು ಕೇಳಿದ್ದೀ. ನಮ್ಮಲ್ಲಿ ಅಂಗಡಿ ದೊಡ್ಡದು. ಬೋರ್ಡಿನ ಮೇಲೆ ಅಪ್ಪನ ಹೆಸರಿದೆ, ಕರಬಸಪ್ಪನವರ ಅಂಗಡಿ ಅಂದರೆ ಸಾಕು, ಗಾದಿಯ ಮೇಲೆ ಯಾರು ಕೂತರೂ ನಡೆಯುತ್ತದೆ. ಅವರಲ್ಲಿ ಹಾಗಲ್ಲ. ಅವರು ವ್ಯಾಪಾರ ಮಾಡುವುದು ಕಂಪನಿಯ ಜೊತೆಯಲ್ಲ, ಮನುಷ್ಯನ ಜೊತೆ. ಯಾರ ಜೊತೆ ಶುರು ಮಾಡಿದರೋ ಅವರ ಜೊತೆಯೇ ಮುಗಿಸಬೇಕು. ನಡುವೆ ಮನುಷ್ಯ ಬದಲಾದರೆ ಮೊದಲಿನಿಂದ ಶುರು ಮಾಡಿದ ಹಾಗೆ.

ಈಗ ನೀನು ದೋನಾ ಜುಸಾರಾ ಕೂತ ಕುರ್ಚಿಯಲ್ಲಿ ಕೂತು ನೋಡು. ಒಬ್ಬಳನ್ನು ನಂಬಿ ಅರ್ಧ ಭೂಮಿ ದಾಟಿ ಬಂದಿದ್ದಾಳೆ. ಸಹಿಗೆ ಪೆನ್ನು ತೆಗೆದಿದ್ದಾಳೆ. ಆ ಗಳಿಗೆಗೆ ಸರಿಯಾಗಿ ಆ ಒಬ್ಬಳನ್ನು ಎಬ್ಬಿಸಿ ಒಳಗೆ ಕಳಿಸಿ, ಇಸ್ತ್ರಿ ಅಂಗಿಯವನೊಬ್ಬ ಬಂದು ಎದುರು ಕೂರುತ್ತಾನೆ. ಇವಳು ಏನೋ ತಪ್ಪು ಮಾಡಿದ್ದಾಳೆ ಎಂದುಕೊಳ್ಳಬೇಕು, ಇಲ್ಲವೆ ಇವಳ ಮಾತಿಗೆ ಈ ಮನೆಯಲ್ಲಿ ಕಿಮ್ಮತ್ತಿಲ್ಲ ಎಂದುಕೊಳ್ಳಬೇಕು. ಕಿಮ್ಮತ್ತಿಲ್ಲದ ಮಾತು ನಂಬಿ ಯಾರು ಸಹಿ ಹಾಕುತ್ತಾರೆ? ನೀನು ಮಾನ ಕೊಡಲು ಕೂತೆ. ಖರೇ. ಆಕೆಗೆ ಅದು ಅಪಮಾನವಾಗಿ ಮುಟ್ಟಿತು.

ಇಷ್ಟು ಅವರ ರಿವಾಜು. ಇನ್ನು ನಮ್ಮ ರಿವಾಜಿನ ವಿಷಯ.

ಅಪ್ಪ ನಿನಗೆ ಚೀಲ ನೋಡು ಎಂದಾಗ ನೀನು ಎದ್ದು ಹೋದೆ, ಸರಿ. ಆ ಗಾದಿ ಒಂದು ದಿನ ನಿನ್ನದೇ ಎಂದು ನಿನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಚೀಲಕ್ಕೂ ಗೊತ್ತಿತ್ತು. ಚೀಲ ನೋಡಿದವರು ಗಾದಿಗೆ ಬರುತ್ತಾರೆ. ಚಾ ನೋಡಿದವರು ಬಂದದ್ದನ್ನು ನಾನು ಬ್ಯಾಡಗಿಯಲ್ಲಿ ಇನ್ನೂ ಕಂಡಿಲ್ಲ. ಆ ದಿನ ಒಲೆಯ ಮುಂದೆ ನಿಂತಾಗ ನನಗೆ ಅಳು ಬಂತು, ಅಣ್ಣ. ಸಿಟ್ಟು ಆಮೇಲೆ ಬಂತು. ಹಾಲು ಉಕ್ಕಿ ಹೋಯಿತು, ನೋಡಲಿಲ್ಲ.

ಇಲ್ಲಿ ಒಂದು ಬೀಜದ ಕಂಪನಿಯಲ್ಲಿ ಸೇರಿದ್ದೇನೆ. ಮೇಡ್ಲೇರಿಯ ಹೊಲಗಳಲ್ಲಿ ಹೆಂಗಸರು ಕೈಯಿಂದ ಹೂವಿಗೆ ಪರಾಗ ಮುಟ್ಟಿಸಿ ಬೀಜ ಮಾಡುತ್ತಾರಲ್ಲ, ಅದರ ಉಸ್ತುವಾರಿ. ಹೂವು ಚಾ ಕೇಳುವುದಿಲ್ಲ.

ಸುರೇಖಾ


ಬ್ಯಾಡಗಿ
3 ಏಪ್ರಿಲ್ 2025

ಚಿ. ಸುರೇಖಾಳಿಗೆ,

ಯುಗಾದಿಗೆ ನೀನು ಬರಲಿಲ್ಲ. ಅವ್ವ ಹೋಳಿಗೆ ಕಳಿಸಿದ್ದಾಳೆ. ಬೇವು ಕಳಿಸುವುದು ಬೇಡ ಎಂದಳು, ಅದು ಅಲ್ಲಿ ಸಾಕಷ್ಟಿರಬಹುದು ಎಂದಳು.

ಕಾಯಿ ಬರುತ್ತಿದೆ. ಕೋಲ್ಡ್ ಸ್ಟೋರೇಜು ತುಂಬಿದೆ. ಯಂತ್ರದ ಮೇಲೆ ಧೂಳು ಕೂತಿದೆ.

ಜುಸಾರಾ ಬಾಯಿಯವರಿಂದ ಪತ್ರ ಬಂದಿತ್ತು. ದರ ಕೇಳಿಲ್ಲ, ಮಾಲು ಕೇಳಿಲ್ಲ. ಸುರೇಖಾ ಎಲ್ಲಿ, ಇಷ್ಟೇ ಕೇಳಿದ್ದಾರೆ. ರಜೆಯಲ್ಲಿದ್ದಾಳೆ ಎಂದು ಶಶಿಕಾಂತ ಉತ್ತರ ಕೊಟ್ಟ. ನಾನೇ ಹಾಗೆ ಹೇಳು ಎಂದಿದ್ದೆ.

ಜೂನ್ ತಿಂಗಳಲ್ಲಿ ಬೇರೆ ಕೆಲಸದ ಮೇಲೆ ಅವರು ಭಾರತಕ್ಕೆ ಬರುವವರಿದ್ದಾರೆ. ಬ್ಯಾಡಗಿಗೂ ಬನ್ನಿ ಎಂದು ಕರೆದಿದ್ದೇನೆ. ಅವರು ಬಂದರೆ ನೀನು ಒಂದು ದಿನದ ಮಟ್ಟಿಗೆ ದುಭಾಷಿಯಾಗಿ ಬಾ. ಗಾಡಿ ಕಳಿಸುತ್ತೇನೆ. ಚಾ ಹೋಟೆಲಿನಿಂದ ತರಿಸುತ್ತೇನೆ.

ಕೊಟ್ರೇಶ


ರಾಣೆಬೆನ್ನೂರು
15 ಏಪ್ರಿಲ್ 2025

ಅಣ್ಣನಿಗೆ,

ಹೋಳಿಗೆ ಮುಟ್ಟಿತು. ಬೇವಿನ ಮಾತೂ ಮುಟ್ಟಿತು.

ದುಭಾಷಿಯಾಗಿ ಬರುವುದಿಲ್ಲ. ನನ್ನ ಮಾತನ್ನು ನಿನ್ನ ಬಾಯಿಂದ ಬಂದ ಹಾಗೆ ಹೇಳುವುದಕ್ಕೆ ನಾನು ಇಷ್ಟು ವರ್ಷ ಹಾಕಲಿಲ್ಲ. ಚಾ ಹೋಟೆಲಿನಿಂದ ತರಿಸುವುದರಿಂದ ಏನೂ ಬದಲಾಗುವುದಿಲ್ಲ.

ರಜೆ ಎಂದು ಹೇಳಿಸಬಾರದಿತ್ತು. ದೋನಾ ಜುಸಾರಾ ನನಗೂ ಬರೆದು ಕೇಳಿದಳು. ನಾನು ನಿನ್ನ ಮೇಲೆ ಒಂದು ಮಾತೂ ಹೇಳಲಿಲ್ಲ. ಮನೆಯ ಮಾತು ಮನೆಯಲ್ಲಿರಲಿ ಎಂದು ಮೊಣಕಾಲಿನ ಮಾತು ತೆಗೆದು ತಪ್ಪಿಸಿಕೊಂಡೆ. ಆದರೆ ಆಕೆ ಹಸುಳೆಯಲ್ಲ.

ಆಕೆ ಬರುವುದಾದರೆ ಕೆಲವು ಮಾತು ನೆನಪಿಟ್ಟುಕೋ. ಹಾವೇರಿಯ ಲಾಡ್ಜಿನಲ್ಲಿ ಇಳಿಸಿದರೆ ಹೊತ್ತಿಗೆ ಸರಿಯಾಗಿ ಹೋಗು, ಆಕೆ ತಡಮಾಡಿ ಬಂದರೆ ಗಡಿಯಾರ ನೋಡಬೇಡ. ಅವ್ವ ನೇರಳೆ ಬಣ್ಣದ ಶಾಲು ತೆಗೆದಿಟ್ಟಿದ್ದಾಳೆ ಎಂದು ಯೂಸುಫಸಾಬರು ಹೇಳಿದರು. ಅದನ್ನು ಹೊದಿಸಬೇಡ, ಆ ಬಣ್ಣ ಅವರಲ್ಲಿ ಸಾವಿನ ಮನೆಗೆ. ಶಶಿಕಾಂತನಿಗೆ ಟೈ ಸಡಿಲ ಮಾಡು ಎಂದು ಹೇಳು.

ಇವೆಲ್ಲ ಮೇಲಿನವು. ಇವು ತಪ್ಪಿದರೂ ಆಕೆ ನಗುತ್ತಾಳೆ. ಸುರೇಖಾ ಎಲ್ಲಿ ಎಂದು ಎದುರಿಗೆ ಕೂತು ಕೇಳುತ್ತಾಳೆ. ಆಗ ನೀನು ಏನು ಹೇಳುತ್ತೀ ಎನ್ನುವುದರ ಮೇಲೆ ನಿನ್ನ ಯಂತ್ರದ ಧೂಳು ಹೋಗುವುದೋ ಬಿಡುವುದೋ ನಿಂತಿದೆ. ಆ ಉತ್ತರ ನಾನು ಬರೆದು ಕೊಡುವುದಿಲ್ಲ.

ಸುರೇಖಾ


ರಾಣೆಬೆನ್ನೂರು, ನಿನ್ನ ಓಣಿಯ ತುದಿ
19 ಜೂನ್ 2025

ಸುರೇಖಾ,

ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು. ಅಕ್ಷರ ಡೊಂಕಾಗಿವೆ. ಪಕ್ಕದಲ್ಲಿ ಜುಸಾರಾ ಬಾಯಿಯವರಿದ್ದಾರೆ.

ಇವತ್ತು ಆದದ್ದು ಇಷ್ಟು. ಬೆಳಿಗ್ಗೆ ಹಾವೇರಿಗೆ ಹೊತ್ತಿಗೆ ಸರಿಯಾಗಿ ಹೋದೆ. ಅವರು ತಡಮಾಡಿ ಇಳಿದು ಬಂದರು, ಗಡಿಯಾರ ನೋಡಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಕೆನ್ನೆಗೆ ಕೆನ್ನೆ ತಾಗಿಸಲು ಬಂದರು. ಸರಿಯಲಿಲ್ಲ. ಲಾಡ್ಜಿನ ಮ್ಯಾನೇಜರು ನೋಡುತ್ತಿದ್ದ, ನೋಡಲಿ ಬಿಡು. ದಾರಿಯಲ್ಲಿ ಅವರ ತಾಯಿಯ ಮೊಣಕಾಲು ಕೇಳಿದೆ. ಮತ್ತೆ ಆಪರೇಷನ್ ಆಗಬೇಕಂತೆ. ಹಳದಿ ಶಾಲು ಹೊದಿಸಿದೆವು.

ಬ್ಯಾಡಗಿಯಲ್ಲಿ ಮೇಜಿನ ಮುಂದೆ ಕೂತೆವು. ಕಾಗದಪತ್ರ ಇಟ್ಟೆ. ಅವರು ಮುಟ್ಟಲಿಲ್ಲ. ನೀನು ಹೇಳಿದ್ದನ್ನೇ ಕೇಳಿದರು, ಸುರೇಖಾ ಎಲ್ಲಿ. ಶಶಿಕಾಂತ "ಮೇಡಂ, ಲೀವ್" ಎಂದು ಶುರು ಮಾಡಿದ. ನಾನು ಅವನ ತೋಳು ಹಿಡಿದು ಸುಮ್ಮನಿರಿಸಿದೆ. ಏಪ್ರಿಲಿನಿಂದ ಏನೇನೋ ಉತ್ತರ ಜೋಡಿಸಿಕೊಂಡಿದ್ದೆ, ರಿವಾಜು, ಮಾನ, ಅಪ್ಪ, ಎಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಬಂದದ್ದು ಇಷ್ಟೆ: ಆಕೆ ನನ್ನ ತಂಗಿ. ಚಾ ತರಲು ಕಳಿಸಿದ್ದೆ. ಇನ್ನೂ ಬಂದಿಲ್ಲ.

ಅವರು ನನ್ನ ಮುಖ ನೋಡಿದರು. ನಗಲಿಲ್ಲ. ಕಾಗದಪತ್ರವನ್ನು ನನ್ನ ಕಡೆಗೇ ಸರಿಸಿ, ಎದ್ದು ನಿಂತು, ಹಾಗಾದರೆ ಚಾ ಎಲ್ಲಿಗೆ ಬಂತು ನೋಡಿಕೊಂಡು ಬರೋಣ ನಡೆಯಿರಿ ಎಂದರು. ಯೂಸುಫಸಾಬರು ಗಾಡಿಯ ಕೀಲಿ ತಿರುವಿಕೊಂಡೇ ನಿಂತಿದ್ದರು. ಯಾರು ಹೇಳಿದ್ದರೋ ಗೊತ್ತಿಲ್ಲ.

ಹೊರಡುವಾಗ ಅವ್ವ ಗಾಡಿಯ ಕಿಟಕಿಗೆ ಬಂದಳು. "ಕೊಟ್ಯಾ, ಗಾದಿ ಏನ ಸೈಕಲ್ ಸೀಟ ಐತೇನು, ಒಬ್ಬರ ಕುಂದ್ರಾಕ? ನಿಮ್ಮಪ್ಪ ಅಡ್ಡಾಗಿ ಮಲಗತಿದ್ದ ಅದರ ಮ್ಯಾಲ" ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀ ಕೇಳಲಿಲ್ಲ" ಎಂದಳು. ಅದೂ ಖರೇ. ಅಗಲ ಅಳತೆ ಮಾಡಲಿಲ್ಲ, ಕಣ್ಣಳತೆಯಲ್ಲಿ ಇಬ್ಬರಿಗೆ ಸಾಕು. ನೀನು ಬಂದು ಕೂತು ನೋಡಿ ಹೇಳಬೇಕು. ಬೀಜದ ಕಂಪನಿಯೇ ಚೆನ್ನಾಗಿದೆ ಎಂದರೂ ಸರಿ, ಗಾದಿಯ ಮೇಲೆ ನಿನ್ನ ಜಾಗ ಹಾಗೇ ಇರುತ್ತದೆ, ಶಶಿಕಾಂತನನ್ನು ಕೂರಿಸುವುದಿಲ್ಲ.

ಈಗ ನಿನ್ನ ಓಣಿಗೆ ಬಂದು ನಿಂತಿದ್ದೇವೆ. ನಾನು ಇಳಿಯಲು ಹೋದರೆ ಅವರು ತಡೆದರು. ಅವರ ಊರಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಹೋಗುವುದಿಲ್ಲವಂತೆ. ತಂಗಿಯ ಮನೆಗೆ ಹೋಗಲು ಯಾರನ್ನು ಕೇಳಬೇಕು ಎಂದು ಹೇಳಬೇಕೆಂದಿದ್ದೆ. ಜನವರಿಯಿಂದ ಈಚೆಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಚೀಟಿ. ಯೂಸುಫಸಾಬರು ತರುತ್ತಾರೆ. ಬಾಯಿಮಾತು ಇವತ್ತೂ ಒಯ್ಯುವುದಿಲ್ಲ ಎಂದರು.

ಕಾಗದಪತ್ರ ನನ್ನ ಹತ್ತಿರ ಇದೆ. ನಮ್ಮ ಕಡೆಯ ಸಹಿಯ ಜಾಗದಲ್ಲಿ ಶಶಿಕಾಂತ ನನ್ನ ಹೆಸರು ಹಾಕಿದ್ದ, ಅದನ್ನು ಹೊಡೆದುಹಾಕಿ ನಿನ್ನ ಹೆಸರು ಬರೆದಿದ್ದೇನೆ. ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು.

ಬರೆಯುವ ಕನ್ನಡ ಸಾಕಾತು. ಬಾಗಿಲಾ ತಗಿ. ನೀ ಆಕಿ ಕೂಡ ಕುಂದ್ರು. ಚಾ ನಾ ನೋಡತೇನಿ.

ಕೊಟ್ರೇಶ


(ಅದೇ ಚೀಟಿಯ ಹಿಂದೆ)

ಅಣ್ಣ,

ಬಾಗಿಲು ತೆರೆದಿದೆ. ಯೂಸುಫಸಾಬರನ್ನು ಗಾಡಿಯಲ್ಲೇ ಬಿಟ್ಟು ಬರಬೇಡ.

ಚಾಪುಡಿ ಒಲೆಯ ಮೇಲಿನ ಹಲಗೆಯಲ್ಲಿ, ಎಡಕ್ಕೆ. ಹಾಲು ಉಕ್ಕದಂತೆ ಅಲ್ಲೇ ನಿಂತಿರು. ಆಕೆಗೆ ಸಕ್ಕರೆ ಹೆಚ್ಚು ಬೇಕು. ನನಗೆ ಎಷ್ಟೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಕೇಳು, ಹೇಳುತ್ತೇನೆ.

ಸುರೇಖಾ